ಹತ್ತಿ ಕಡ್ಡಿಯ ಹಲಗೆಗೆ ಬಡಗಿಯಜ್ಜನ ಒಪ್ಪಿಗೆ

ಹತ್ತಿ ಬಿಡಿಸಿ ಮುಗಿದರೆ ಸಾಕು, ನಮ್ಮೂರಿನಲ್ಲಿ ಹೊಲಕ್ಕೊಂದು ಬೆಂಕಿ. ಒಣಗಿದ ಗಿಡ ದನಕ್ಕೂ ಬೇಡ. ಸುಟ್ಟರೆ ಊರಿಗೆಲ್ಲ ಹೊಗೆ, ಮನೆಮನೆಗೂ ಕೆಮ್ಮು.

ಈ ಸಲ ಮಹಿಳಾ ಸಂಘದವರು ಆ ಕಡ್ಡಿ ತಂದು ಹಲಗೆ ಮಾಡತೊಡಗಿದರು. ನಮ್ಮ ಪಕ್ಕದ ಮನೆಯ ಬಡಗಿಯಜ್ಜನ ಸೊಸೆಯೇ ಅವರ ಮುಂದಾಳು. ಆದರೆ ಬಡಗಿಯಜ್ಜ ಒಪ್ಪದ ಹಲಗೆಯನ್ನು ಊರಲ್ಲಿ ಯಾರೂ ಮನೆಗೆ ಸೇರಿಸುವುದಿಲ್ಲ. ಅವರು ಹೂಂ ಅನ್ನದಿದ್ದರೆ ಸಂಘ ಬಾಗಿಲು ಹಾಕಬೇಕು. ಅಜ್ಜನೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು.

ಸೊಸೆ ಒಂದು ಹಲಗೆ ತಂದು ಅವರ ಮುಂದಿಟ್ಟಳು.

"ಏನಮ್ಮಾ, ಒಲೆಗೆ ಹಾಕೋ ಕಡ್ಡೀಲಿ ಬೀರು ಮಾಡ್ಲಾ?"

"ಕಡ್ಡಿ ಎಲ್ಲಿದೆ ಮಾವ? ಚೂರು ಮಾಡಿ, ಆವೀಲಿ ಬೇಯಿಸಿ ನಾರು ಬಿಡಿಸಿದ್ದೀವಿ. ಆಮೇಲೆ ಒಣಗಿಸಿ, ಅಂಟು ಬೆರೆಸಿ, ಬಿಸಿ ಪ್ರೆಸ್ಸಲ್ಲಿ ಒತ್ತಿದ್ದೀವಿ."

ಅಜ್ಜ ಮೂಗು ಮುರಿದರು. ಹಲಗೆ ನಿಲ್ಲಿಸಿ, ಅಂಚಿಗೆ ಮೊಳೆಯಿಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟರು. ಅಂಚು ಬಿರಿಯಿತು.

"ನೋಡಿದ್ಯಾ?"

ಸೊಸೆಗೆ ಅಳುವೇ ಬಂತು. ನುಂಗಿಕೊಂಡು ಹೇಳಿದಳು: "ಮರಕ್ಕೆ ಹೊಡೆದ ಹಾಗೆ ಹೊಡೆದ್ರಿ ಮಾವ. ಇದರ ಅಂಚಿಗೆ ಮೊಳೆ ಆಗಲ್ಲ. ಸಣ್ಣ ತೂತು ಕೊರೆದು ಸ್ಕ್ರೂ ಹಾಕಬೇಕು. ನೀರು ತಾಗೋ ಕಡೆ ಬೇಡ. ಬೀರು, ಕಪಾಟಿಗೆ ಚೆನ್ನಾಗಿರುತ್ತೆ."

"ಬಡಗಿಗೇ ಬಡಗಿ ಕೆಲಸ ಹೇಳಿಕೊಡ್ತೀಯಾ?" ಅಂದರು ಅಜ್ಜ. ಕೈ ಮಾತ್ರ ಆಗಲೇ ಡ್ರಿಲ್ ಹಿಡಿದಿತ್ತು. ಇನ್ನೊಂದು ಅಂಚಿಗೆ ತೂತು ಕೊರೆದು ಸ್ಕ್ರೂ ತಿರುಗಿಸಿದರು. ಬಿರುಕು ಬೀಳಲಿಲ್ಲ. ಜಗ್ಗಿದರು, ಎಳೆದರು, ಬರಲಿಲ್ಲ. ಸಂಜೆಯೊಳಗೆ ಒಂದು ಪುಟ್ಟ ಸ್ಟೂಲು ಎದ್ದಿತು. ಅಜ್ಜ ಅದರ ಮೇಲೆ ಹತ್ತಿಯೇ ನಿಂತುಬಿಟ್ಟರು.

"ಇಳೀರಿ, ಸೊಂಟ ಮುರ್ಕೊಂಡೀರಿ!" ಅಜ್ಜಿ ಅಡುಗೆಮನೆಯಿಂದ ಓಡಿಬಂದರು.

"ಮುರಿಯೋದಾ? ನನ್ನ ಸೊಸೆ ಮಾಡಿರೋ ಹಲಗೆ ಕಣೇ ಇದು!" ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ಶಾಲೆಯವರು ಕೇಳಿರೋ ಪುಸ್ತಕದ ಕಪಾಟೂ ಇದರಲ್ಲೇ ಮಾಡ್ತೀನಿ. ಹಲಗೆ ಸಾಲದೇ ಹೋದ್ರೆ ಬೈತೀನಿ ನೋಡು!"

ಸೊಸೆಯ ಮುಖ ಅರಳಿತು. ಪಕ್ಕದ ಮನೆಯ ನನಗೂ ಎದೆ ತುಂಬಿ ಬಂತು. ಇವರೆಲ್ಲ ನಮ್ಮೂರಿನವರೇ ಅಲ್ಲವೇ!

ಅಕ್ಕಂದಿರೇ, ಅಣ್ಣಂದಿರೇ, ಹೊಲಕ್ಕೆ ಬೆಂಕಿ ಇಡಬೇಡಿ. ಗಿಡ ಕಿತ್ತು, ಬೇರಿನ ಮಣ್ಣು ಕೊಡವಿ, ಮಳೆಗೆ ನೆನೆಯದಂತೆ ಒಣಗಿಸಿ ಹಲಗೆ ಮಾಡುವವರಿಗೆ ಕೊಡಿ. ಹತ್ತಿರದಲ್ಲಿ ಯಾರೂ ಇಲ್ಲವೇ? ನಿಮ್ಮ ಸಂಘದಲ್ಲಿ ಮಾತು ತೆಗೆಯಿರಿ. ನಿಮ್ಮ ಮಕ್ಕಳ ಪುಸ್ತಕದ ಕಪಾಟು ಈಗ ನಿಮ್ಮ ಹೊಲದಲ್ಲೇ ನಿಂತಿದೆ.