ಅಕ್ಕನ ಮಾತಿನ ಗುತ್ತಿಗೆದಾರ

ಮಾತು ಕಲಿಸುವ ಮೂರು ದಿನದ ತರಗತಿಗೆ ಹೋಗಿ ಬಂದ ಮೇಲೆ ಕುರ್ಚಿವೈದ್ಯನ ನಾಲಿಗೆ ಬಾಯೊಳಗೆ ನಿಲ್ಲುತ್ತಿರಲಿಲ್ಲ. ಅದಕ್ಕೆ ಮುಂಚೆ ಯಾವಾಗ ನಿಂತಿತ್ತು ಎಂದು ಬೀದಿಯವರು ಕೇಳಬಹುದು, ಕೇಳಿದರೆ ತಪ್ಪಿಲ್ಲ. 'ಕುರ್ಚಿವೈದ್ಯ' ಎಂಬ ಹೆಸರು ಕೂಡ ಯಾರೋ ಮೆಚ್ಚಿ ಕೊಟ್ಟದ್ದಲ್ಲ, ಅಂಗಡಿಯ ಬೋರ್ಡಿನ ಮೇಲೆ ತಾನೇ ಬರೆಸಿಕೊಂಡದ್ದು. ಬರೆಸಿದ ವಾರದಲ್ಲೇ ಇಬ್ಬರು ಮಂಡಿನೋವಿನವರು ಒಳಗೆ ಬಂದು ಕೂತರು. ಅವರಲ್ಲಿ ಒಬ್ಬರಿಗೆ ಅವನು ಸಲಹೆಯನ್ನೂ ಕೊಟ್ಟು ಕಳಿಸಿದ. ಗೊತ್ತಿಲ್ಲದ ವಿಷಯದಲ್ಲಿ ಸುಮ್ಮನಿರುವುದು ತನ್ನ ಜಾಯಮಾನವಲ್ಲ ಎಂದು ಅವನೇ ಒಪ್ಪಿಕೊಳ್ಳುತ್ತಿದ್ದ. ಒಪ್ಪಿಕೊಳ್ಳುವುದಕ್ಕೂ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ, ಅದು ಬೇರೆ ಮಾತು.

ಅಂಗಡಿಯೆಂದರೆ ಒಂದು ಉದ್ದನೆಯ ಕೋಣೆ. ಮುಂದಿನ ಅರ್ಧದಲ್ಲಿ ಅವನು, ಹೊಟ್ಟೆ ಬಗೆಸಿಕೊಂಡು ಅಂಗಾತ ಮಲಗಿದ ಸೋಫಾಗಳು, ಮೊಳೆಯ ಡಬ್ಬಗಳು, ಫೋಮ್ ಕತ್ತರಿಸುವ ಉದ್ದ ಚಾಕು. ಹಿಂದಿನ ಅರ್ಧದಲ್ಲಿ, ಪರದೆಯ ಆಚೆ, ಹೊಲಿಗೆ ಯಂತ್ರದ ಮುಂದೆ ಅಕ್ಕ. ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವಳು. ಬಟ್ಟೆ ಅಳೆಯುವುದು, ಕತ್ತರಿಸುವುದು, ಹೊಲಿಯುವುದು ಎಲ್ಲ ಅವಳದೇ. ಅವಳು ಹೊಲಿದ ಗವಸು ಕುರ್ಚಿಯ ಮೇಲೆ ಒಂದು ಸುಕ್ಕಿಲ್ಲದೆ ಕೂರುತ್ತಿತ್ತು. ಗಿರಾಕಿಗಳು ಹೊಗಳುತ್ತಿದ್ದದ್ದು ಅದನ್ನೇ, ಹೊಗಳಿಕೆಗೆ ಕೈ ಮುಗಿಯುತ್ತಿದ್ದವನು ಮಾತ್ರ ತಮ್ಮ.

ಅಕ್ಕನಿಗೆ ಚಿಕ್ಕಂದಿನಿಂದ ಮಾತು ತಡೆಯುತ್ತದೆ. ಮೊದಲ ಅಕ್ಷರ ತುಟಿಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಶಾಲೆಯಲ್ಲಿ ಮಕ್ಕಳು ಆಡಿಕೊಂಡು ನಗುವಾಗ, ಅವಳು ಶುರು ಮಾಡಿದ್ದನ್ನು ತಮ್ಮನೇ ಓಡಿಬಂದು ಮುಗಿಸುತ್ತಿದ್ದ. ನಗುವವರು ದೊಡ್ಡವರಾಗಿ ಎಲ್ಲೆಲ್ಲಿಗೋ ಹೋದರು, ಮುಗಿಸುವವನು ಮಾತ್ರ ನಿಲ್ಲಿಸಲೇ ಇಲ್ಲ. ಗಿರಾಕಿ ಏನಾದರೂ ಕೇಳಿದರೆ ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಇವನು ಉತ್ತರ ಹೇಳಿ, ಒಂದು ಗಾದೆಯನ್ನೂ ಸೇರಿಸಿ, ಹೊಸ ಮಾತಿಗೆ ಹೊರಟಿರುತ್ತಿದ್ದ. ಇದು ತಾನು ಅಕ್ಕನಿಗೆ ಮಾಡುತ್ತಿರುವ ಉಪಕಾರವೆಂದು ಅವನ ನಂಬಿಕೆ. ಉಪಕಾರ ಮಾಡುವವರಿಗೆ ಇರುವ ಸಣ್ಣ ಜಂಭವೂ ಇತ್ತು.

ಈಚೆಗೆ ಅಂಗಡಿಗೆ ಕೆಲಸ ಬರುತ್ತಿರಲಿಲ್ಲ. ಸೋಫಾ ಹರಿದರೆ ಜನ ಎಸೆದು ಹೊಸದು ತರುತ್ತಾರೆ, ಅದರಲ್ಲೂ ಹೆಚ್ಚಿನವರು ಅವನ ಭಾವಮೈದುನನ ಷೋರೂಮಿನಿಂದಲೇ ತರುತ್ತಾರೆ. ಆ ಭಾವಮೈದುನ ಒಳ್ಳೆಯವನು, ಅದೇ ತೊಂದರೆ. ಬಾಗಿಲು ಹಾಕಿ ಬಂದುಬಿಡಿ ಭಾವ, ನಿಮ್ಮ ಬಾಯಿಗೆ ನಮ್ಮಲ್ಲಿ ಮಾರಾಟದ ಕೆಲಸವೇ ಸರಿ ಎಂದು ವರ್ಷದಿಂದ ಕರೆಯುತ್ತಿದ್ದ. ಅಕ್ಕನ ಬಗ್ಗೆ ಕೇಳಿದರೆ, ಅಲ್ಲಿ ಗಿರಾಕಿಗಳ ಹತ್ತಿರ ಮಾತಾಡಬೇಕಲ್ಲ ಎಂದು ರಾಗ ಎಳೆದಿದ್ದ.

ಅಷ್ಟರಲ್ಲಿ ಸಭಾಂಗಣದ ಸುದ್ದಿ ಬಂತು. ನಾಟಕ ನಡೆಯುವ ಹಳೆಯ ಸಭಾಂಗಣವನ್ನು ದುರಸ್ತಿ ಮಾಡಿ ತೆರೆಯುತ್ತಾರಂತೆ, ಇನ್ನೂರ ನಲವತ್ತು ಕುರ್ಚಿಗಳಿಗೆ ಹೊಸ ಫೋಮು, ಹೊಸ ಬಟ್ಟೆ ಆಗಬೇಕಂತೆ. ಈ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ಅವನು ಷೋರೂಮಿಗೆ, ಅಕ್ಕ ಮನೆಗೆ. ಮನೆಯಲ್ಲಿ ಅಕ್ಕ ಏನು ಮಾಡುತ್ತಾಳೆ ಎಂಬುದನ್ನು ಅವನು ಯೋಚಿಸಲು ಹೋಗಲಿಲ್ಲ, ಆ ಯೋಚನೆ ಬಂದಾಗಲೆಲ್ಲ ಎದ್ದು ಮೊಳೆಯ ಡಬ್ಬಗಳನ್ನು ಜೋಡಿಸುತ್ತಿದ್ದ. ಭಾವಮೈದುನ ತನ್ನ ಹತ್ತಿರ ಉಳಿದಿದ್ದ ತರಗತಿಯ ಪಾಸೊಂದನ್ನು ಕೊಟ್ಟು, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ, ಹೋಗಿ ಬನ್ನಿ ಎಂದ.

ತರಗತಿ ನಡೆದದ್ದು ಹೋಟೆಲೊಂದರ ಮಹಡಿಯಲ್ಲಿ. ನಲವತ್ತು ಜನ, ಕೆನ್ನೆಯವರೆಗೆ ಮೈಕು ಬಂದಿದ್ದ ಒಬ್ಬ ತರಬೇತುದಾರ. ಮೊದಲ ಅರ್ಧ ದಿನ ಕುರ್ಚಿವೈದ್ಯನ ಕಿವಿಗೆ ಏನೂ ಬೀಳಲಿಲ್ಲ, ಕೂತ ಕುರ್ಚಿಯ ಫೋಮು ಮೂರನೇ ದರ್ಜೆಯದೆಂಬ ಅನುಮಾನ ಬಂದು ಅದನ್ನು ತಿರುವಿ ಹಾಕಿ ನೋಡುತ್ತಿದ್ದ. ಅನುಮಾನ ನಿಜವಾಯಿತು. ಪಕ್ಕದವರಿಗೂ ತೋರಿಸಿದ. ಆಮೇಲೆ ತರಬೇತುದಾರರು ಅವನನ್ನೇ ಎಬ್ಬಿಸಿ ವೇದಿಕೆಗೆ ಕರೆದು, ಸೊಂಟಕ್ಕೆ ಕೈಯಿಟ್ಟು 'ನಾನು ಗೆಲ್ಲುತ್ತೇನೆ' ಎಂದು ಹನ್ನೊಂದು ಸಲ ಹೇಳಿಸಿದರು. ಹನ್ನೊಂದನೆಯ ಸಲ ಅವನಿಗೆ ನಿಜಕ್ಕೂ ಹಾಗೇ ಅನ್ನಿಸಿತು. ಅಲ್ಲಿಂದ ಮುಂದೆ ಒಂದಕ್ಷರ ಬಿಡದೆ ಬರೆದುಕೊಂಡ. ಎದುರಿನವರ ಕಣ್ಣನ್ನೇ ನೋಡಿ. ಅವರು ಹೇಳಿದ ಕೊನೆಯ ಮಾತನ್ನು ನೀವೂ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, 'ಆಗಲ್ಲ' ಎಂಬ ಪದವನ್ನು ಬಾಯಿಂದ ಕಿತ್ತು ಬಿಸಾಕಿ, ಗೆದ್ದವರ್‍ಯಾರೂ ಅದನ್ನು ಬಳಸಿಲ್ಲ.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಹೆಂಡತಿ ಅಕ್ಕಿ ಮುಗಿದಿದೆ ಎಂದರೆ, ಅವಳ ಕಣ್ಣು ನೋಡುತ್ತಾ, "ಅಕ್ಕಿ ಮುಗಿದಿದೆ" ಎಂದು ಗಂಭೀರವಾಗಿ ಹೇಳಿದ. ಹೌದು, ತರಬೇಕು ಎಂದಳು. "ತರಬೇಕು" ಎಂದ. ಅವಳು ಚೀಲ ತಂದು ಅವನ ಕೈಗೆ ಕೊಟ್ಟು ಬಾಗಿಲು ತೋರಿಸಿದಳು. ವಿದ್ಯೆ ಕೆಲಸ ಮಾಡುತ್ತಿದೆ, ಆದರೆ ಉಲ್ಟಾ ದಿಕ್ಕಿನಲ್ಲಿ ಎಂಬ ಸಂಶಯ ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಾಗ ಅವನಿಗೆ ಬರದೆ ಇರಲಿಲ್ಲ.

ಸಭಾಂಗಣದ ಮೇಲ್ವಿಚಾರಕಿ ಮಿತಭಾಷಿ. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ, ನಡುವಯಸ್ಸಿನ ಹೆಂಗಸು. ಕುರ್ಚಿವೈದ್ಯ ಇಪ್ಪತ್ತು ನಿಮಿಷ ಮಾತಾಡಿದ. ಕಣ್ಣು ಮಿಟುಕಿಸದೆ ನೋಡಿದ್ದಕ್ಕೆ ಅವರು ಕಣ್ಣಿಗೇನಾದರೂ ತೊಂದರೆಯೇ ಎಂದು ವಿಚಾರಿಸಿದರು. ಅಕ್ಕ ಹೊಲಿದಿದ್ದ ಮಾದರಿ ಗವಸನ್ನು ಮಾತ್ರ ಬಹಳ ಹೊತ್ತು ತಿರುಗಿಸಿ ಮುರುಗಿಸಿ ನೋಡಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ಮೂವತ್ತು ದಿನದಲ್ಲಿ ಮುಗಿಯುತ್ತಾ?

ಅಕ್ಕ, ತಮ್ಮ ಇಬ್ಬರೂ ಬೆನ್ನು ಮುರಿದುಕೊಂಡರೂ ದಿನಕ್ಕೆ ನಾಲ್ಕು ಕುರ್ಚಿ. ಅಂದರೆ ಅರವತ್ತು ದಿನ. ಕೂಲಿಗೆ ಆಳು ಇಟ್ಟುಕೊಳ್ಳುವ ಮಾತಿಲ್ಲ, ಹಿಂದೊಮ್ಮೆ ಇಟ್ಟುಕೊಂಡವನು ಮೊಳೆ ಹೊಡೆದ ಸೋಫಾದಿಂದ ಎದ್ದ ಗಿರಾಕಿಯ ಪ್ಯಾಂಟು ಅರ್ಧ ಅಲ್ಲೇ ಉಳಿದಿತ್ತು. ಇದೆಲ್ಲ ಕುರ್ಚಿವೈದ್ಯನಿಗೆ ಗೊತ್ತು. ಆದರೆ ಬಾಯಿಂದ ಕಿತ್ತು ಬಿಸಾಕಿದ ಪದ ಬೇಕಾದಾಗ ಎಲ್ಲಿ ಸಿಗಬೇಕು? "ಮೂವತ್ತು ದಿನ" ಎಂದು ಅವರ ಕೊನೆಯ ಮಾತನ್ನೇ ಹೇಳಿ, ಖಂಡಿತ ಎಂಬುದನ್ನು ತನ್ನ ಕಡೆಯಿಂದ ಸೇರಿಸಿದ. ಕೆಲಸ ಸಿಕ್ಕಿತು.

ಬರುವಾಗ ದಾರಿಯುದ್ದಕ್ಕೂ ನೆಲಕ್ಕೆ ಕಾಲು ತಾಗಲಿಲ್ಲ. ಅಂಗಡಿಯ ಹತ್ತಿರ ಬಂದಾಗ ತಾಗಿತು. ಪರದೆ ಸರಿಸಿ ಸುದ್ದಿ ಹೇಳಿದ. ಅಕ್ಕನ ಮುಖ ಅರಳಿತು. ಎಷ್ಟೋ ತಿಂಗಳಿಂದ ಅವಳು ಹಾಗೆ ನಕ್ಕಿರಲಿಲ್ಲ. "ಎ... ಎಷ್ಟು..." ಎಂದು ಶುರು ಮಾಡಿದಳು.

"ಎಷ್ಟು ಕುರ್ಚಿ ಅಂತಾನಾ? ಇನ್ನೂರ ನಲವತ್ತು, ನಾನು ಹೇಳಿರ್ಲಿಲ್ವಾ" ಎಂದ. ಅವಳು ಕೇಳಹೊರಟದ್ದು ದಿನದ ಲೆಕ್ಕವನ್ನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ದಿನ ಹೀಗೇ ತಪ್ಪಿಸಿಕೊಂಡು ಓಡಾಡಿದ. ನಲವತ್ತು ಜನರ ಎದುರು ವೇದಿಕೆಯ ಮೇಲೆ ಗರ್ಜಿಸಿದವನಿಗೆ, ಪರದೆಯ ಆಚೆ ಕೂತ ಅಕ್ಕನಿಗೆ ಎರಡು ಪದ ಹೇಳಲು ನಾಲಿಗೆ ಏಳಲಿಲ್ಲ. ಬಚ್ಚಲ ಕನ್ನಡಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ಅಭ್ಯಾಸ ಮಾಡಿದ. ಕನ್ನಡಿಯಲ್ಲಿದ್ದವನು ಎಲ್ಲವನ್ನೂ ಒಪ್ಪಿಕೊಂಡು ಕ್ಷಮೆ ಕೇಳಿದ, ಹೊರಗೆ ಬಂದವನು ಹವಾಮಾನದ ಬಗ್ಗೆ ಮಾತಾಡಿದ. ಮೂರನೆಯ ದಿನ ಸಭಾಂಗಣದಿಂದ ಒಪ್ಪಂದದ ಕಾಗದ ಬಂತು. ಅವನು ಫೋಮು ತರಲು ಹೋಗಿದ್ದ. ಬರುವಷ್ಟರಲ್ಲಿ ಅಕ್ಕ ಓದಿ, ಮಡಿಸಿ, ಯಂತ್ರದ ಮೇಲೆ ಇಟ್ಟಿದ್ದಳು.

"ನಾ... ನಾಳೆ..." ಎಂದಳು.

"ನಾಳೆಯಿಂದ್ಲೇ ಶುರು ಮಾಡೋಣ ಅಂತಾನಾ? ಹೂಂ, ಹೇಗೋ ಮಾಡಿಬಿಡೋಣ ಬಿಡು" ಎಂದ.

ಅಕ್ಕ ಅವನ ಮುಖವನ್ನು ನೋಡಿದಳು. ತರಗತಿಯಲ್ಲಿ ಕಲಿಸಿದ ನೋಟವಲ್ಲ ಅದು, ಅವನೇ ಕಣ್ಣು ತಗ್ಗಿಸಿದ. ಮರುದಿನ ಬೆಳಿಗ್ಗೆ ಅವಳು ತಲೆ ಬಾಚಿ, ಮದುವೆಮನೆಗೆ ಹೋಗುವಾಗ ಮಾತ್ರ ಹಾಕುವ ಚಪ್ಪಲಿ ಹಾಕಿ, ಆ ಕಾಗದ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಬಸ್ಸಿನಲ್ಲಿ ಅವನು, ಸಭಾಂಗಣದಲ್ಲಿ ಹೇಳಬೇಕಾದದ್ದನ್ನು ತಾನೇ ಹೇಳುವುದಾಗಿ, ಅದಕ್ಕೊಂದು ನಾಜೂಕಿನ ದಾರಿಯಿದೆಯೆಂದು ವಿವರಿಸತೊಡಗಿದ. ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಳು.

ಮೇಲ್ವಿಚಾರಕಿ ಇಬ್ಬರನ್ನೂ ಕೂರಿಸಿ, ಏನು ವಿಷಯ ಎಂದರು. ಕುರ್ಚಿವೈದ್ಯ ಉಸಿರೆಳೆದುಕೊಂಡ. ಮೇಜಿನ ಕೆಳಗೆ ಅವನ ಕಾಲಿನ ಮೇಲೆ ಮದುವೆಮನೆಯ ಚಪ್ಪಲಿ ಬಂದು ಕೂತಿತು. ಹಗುರಾಗಿ ಅಲ್ಲ.

"ಮೂ... ಮೂವತ್ತು ದಿನದಲ್ಲಿ ಆಗಲ್ಲ" ಎಂದಳು ಅಕ್ಕ. "ಅ... ಅರವತ್ತು ಬೇಕು."

ಮೇಲ್ವಿಚಾರಕಿ ಕನ್ನಡಕ ತೆಗೆದರು. ಮೂವತ್ತೊಂದನೆಯ ದಿನ ಸಭಾಂಗಣ ತೆರೆಯುತ್ತದೆ, ಕರೆಯೋಲೆಗಳು ಅಚ್ಚಾಗಿವೆ ಎಂದರು. ಆಮೇಲೆ ಅವನ ಕಡೆ ಒಮ್ಮೆ ನೋಡಿ ಅಕ್ಕನನ್ನು ಕೇಳಿದರು:

"ಮತ್ತೆ ಇವರು ಆಗುತ್ತೆ ಅಂತ ಖಂಡಿತವಾಗಿ ಹೇಳಿದ್ರಲ್ಲಮ್ಮ?"

"ಇವನು..." ಎಂದು ಅಕ್ಕ ನಿಂತಳು. ತುಟಿ ಅಲುಗಿತು, ಅಕ್ಷರ ಬರಲಿಲ್ಲ. ಗೋಡೆಯ ಗಡಿಯಾರ ತನ್ನ ಪಾಡಿಗೆ ಸದ್ದು ಮಾಡುತ್ತಿತ್ತು. ಮುಂದಿನ ಪದ ಕುರ್ಚಿವೈದ್ಯನಿಗೆ ಗೊತ್ತಿತ್ತು. 'ಸುಳ್ಳು ಹೇಳಿದ.' ಅದನ್ನು ತಾನೇ ಹೇಳಿ, ಮೇಲೆ ಒಂದು ನಗೆ ಸೇರಿಸಿ, ಉತ್ಸಾಹದಲ್ಲಿ ಬಾಯಿ ಜಾರಿತು ಮೇಡಂ ಎಂದು ಮೆತ್ತಗೆ ಮಾಡಿಬಿಡಬಹುದಿತ್ತು. ಮೈಯೆಲ್ಲ ಅದಕ್ಕೇ ತುಡಿಯಿತು. ಚಪ್ಪಲಿ ಇನ್ನಷ್ಟು ಒತ್ತಿತು. ಹುಟ್ಟಿದ ಮೇಲೆ ಮೊದಲ ಸಲ ಅವನು ಅಕ್ಕನ ಮಾತು ಮುಗಿಯುವುದನ್ನು ಕಾದ.

"ಇವನು ಹೆ... ಹೆದರ್ಕೊಂಡಿದ್ದ" ಎಂದಳು ಅಕ್ಕ. "ಅಂಗಡಿ ಮುಚ್ಚಿದ್ರೆ ಅ... ಅಕ್ಕನ ಗತಿ ಏನು ಅಂತ."

ಅವನು ಇದನ್ನು ಯಾರಿಗೂ ಹೇಳಿರಲಿಲ್ಲ. ತನಗೆ ತಾನೂ ಹೇಳಿಕೊಂಡಿರಲಿಲ್ಲ. ಕಣ್ಣು ತುಂಬಿ ಬಂತು, ನಾಚಿಕೆಯೂ ಆಯಿತು. ಇಷ್ಟು ಮಾತಾಡಿದವನು ತಾನು, ತನ್ನನ್ನು ಓದಿಕೊಂಡವಳು ಪರದೆಯ ಆಚೆ ಕೂತಿದ್ದವಳು.

ಅಕ್ಕ ನಿಲ್ಲಿಸಲಿಲ್ಲ. ಇಪ್ಪತ್ತು ಸಾಲು, ಸಾಲಿಗೆ ಹನ್ನೆರಡು ಕುರ್ಚಿ. ಮುಂದಿನ ಹತ್ತು ಸಾಲನ್ನು ಮೂವತ್ತು ದಿನದಲ್ಲಿ ಹೊಸದಾಗಿ ಮಾಡಿಕೊಡುತ್ತೇವೆ, ಹಿಂದಿನ ಹತ್ತು ಸಾಲಿಗೆ ಸದ್ಯ ಹಳೆಯ ಗವಸನ್ನೇ ಒಗೆದು, ಹರಿದದ್ದನ್ನು ರಾತ್ರಿ ಕೂತು ಹೊಲಿದು ಹಾಕುತ್ತೇವೆ, ನಾಟಕವಿಲ್ಲದ ದಿನಗಳಲ್ಲಿ ಎರಡೆರಡೇ ಸಾಲು ಬಿಚ್ಚಿ ಉಳಿದದ್ದನ್ನು ಮುಗಿಸುತ್ತೇವೆ. ಇಷ್ಟು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಮೇಲ್ವಿಚಾರಕಿ ಗಡಿಯಾರ ನೋಡಲಿಲ್ಲ. ಕೊನೆಗೆ, ಈ ಮಾದರಿ ಗವಸು ಹೊಲಿದದ್ದು ನೀವೇನಾ ಎಂದು ಕೇಳಿದರು. ಅಕ್ಕ ತಲೆಯಾಡಿಸಿದಳು. ಅವರು ಕಾಗದದ ಮೇಲಿನ ಮೂವತ್ತನ್ನು ಹೊಡೆದುಹಾಕಿ, ಅಕ್ಕ ಹೇಳಿದ್ದನ್ನೇ ಕೈಬರಹದಲ್ಲಿ ಬರೆದು, ಇನ್ನು ಮುಂದೆ ಕೆಲಸದ ಮಾತಿಗೆ ನೀವೇ ಬನ್ನಿ ಎಂದರು. ನೋಯಬಾರದೆಂದು, ಇವರೂ ಬರಲಿ ಬೇಕಾದರೆ ಎಂದು ಸೇರಿಸಿದರು.

ಹೊರಗೆ ಬಂದು ಇಬ್ಬರೂ ಎದುರಿನ ಹೋಟೆಲಿನಲ್ಲಿ ಕೂತರು. ಮಾಣಿ ಬಂದು ನಿಂತ. ಎರಡು ಟೀ, ಒಂದಕ್ಕೆ ಸಕ್ಕರೆ ಬೇಡ ಎಂಬುದು ಕುರ್ಚಿವೈದ್ಯನ ನಾಲಿಗೆಯ ತುದಿಗೆ ಬಂದಿತ್ತು. ಅಂಗಡಿಗೆ ದಿನಕ್ಕೆರಡು ಸಲ ಅವನು ತರಿಸುತ್ತಿದ್ದದ್ದು ಅದನ್ನೇ. ನುಂಗಿಕೊಂಡು, ತನಗೊಂದು ಟೀ ಹೇಳಿ, ಅಕ್ಕನ ಕಡೆ ನೋಡಿದ. ಮಾಣಿ ಬಟ್ಟೆಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ.

"ಕಾ... ಕಾಫಿ" ಎಂದಳು ಅಕ್ಕ. "ಸ... ಸಕ್ಕರೆ ಜಾಸ್ತಿ."

ಯಾವಾಗಿನಿಂದ ಕಾಫಿ ಎಂದು ಅವನು ಕೇಳಿದ. ಮೊದಲಿನಿಂದಲೂ ಎಂದಳು. ಅಂಗಡಿ ತೆರೆದು ಇಪ್ಪತ್ತೆರಡು ವರ್ಷ, ದಿನಕ್ಕೆರಡು ಲೋಟ, ಸಕ್ಕರೆಯಿಲ್ಲದ ಟೀ. ಆ ಲೋಟಗಳನ್ನೆಲ್ಲ ಸಾಲಾಗಿ ಇಟ್ಟರೆ ಸಭಾಂಗಣವೂ ಸಾಲುತ್ತಿರಲಿಲ್ಲ. ಅವನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

"ಒಂದು ಮಾತು ಹೇಳ್ಬಾರ್ದಾಗಿತ್ತಾ ಅಕ್ಕಾ?"

ಅಕ್ಕ ಕಾಫಿಯನ್ನು ಎರಡು ಗುಟುಕು ಕುಡಿದಳು. ಲೋಟ ಕೆಳಗಿಟ್ಟಳು. ಅವನು ಕಾದ.

"ಹೇ... ಹೇಳೋಕೆ ಶುರು ಮಾಡಿದ್ದೆ ತಮ್ಮಾ" ಎಂದಳು.