ಹುಡುಕುವವರ ಬಾಯಲ್ಲಿ ಬರುವ ಹೆಸರು

ಫೋನಿನಲ್ಲಿ 'ಉಯಿಲು' ಎಂದು ಹೊಡೆದು ಹುಡುಕಿದಳು ಸೋಲ್ಬಿ. ಏನೂ ಇಲ್ಲ. 'ಸಾವು' ಎಂದು ಹೊಡೆದರೆ ಅಮ್ಮನ ಆಫೀಸಿನ ಶೋಕಪತ್ರದ ನಮೂನೆಯೊಂದು ಬಂತು, ಯಾರದೋ ಮಾವ ತೀರಿಕೊಂಡಾಗಿನದು. 'ಬೂದಿ'ಗೆ ಏನೂ ಬರಲಿಲ್ಲ. ಚಿತಾಗಾರದಲ್ಲಿ ಕಾಯುವವರ ಕೋಣೆಯ ಗೋಡೆಯ ಬೋರ್ಡು, ಏಳನೇ ಒಲೆಯ ಎದುರು ಅಮ್ಮನ ಹೆಸರು ತೋರಿಸುತ್ತಿತ್ತು: 'ನೊ ಯೊಂಗ್ರಾನ್, ದಹನ ನಡೆಯುತ್ತಿದೆ'. ಇನ್ನು ಐವತ್ತೆರಡು ನಿಮಿಷ.

"ಸಾರು ಆರಿ ನೀರಾಯ್ತು ಕಣೇ," ಎಂದರು ದೊಡ್ಡಪ್ಪ. "ಮೂರು ದಿನದಿಂದ ಹೊಟ್ಟೆಗೆ ಏನೂ ಹಾಕಿಲ್ಲ ನೀನು. ಆ ಫೋನ್ ಆಚೆ ಇಡು."

"ಸಿಗ್ಲಿ ದೊಡ್ಡಪ್ಪ, ಇಡ್ತೀನಿ."

"ಸಿಗದಿದ್ರೆ? ವ್ಯಾನಿನವನು ಎರಡು ಸಲ ಬಂದು ಕೇಳಿ ಹೋದ. ಬೂದಿ ಕೈಗೆ ಬಂದ ತಕ್ಷಣ ಹೊರಟ್ರೆ ಬೆಳಕಿರುವಾಗ್ಲೇ ನಮ್ಮೂರು ಜಾಂಗ್‌ಹುಂಗ್ ಸೇರ್ತೀವಿ. ನಿಮ್ಮಪ್ಪ ಹದಿನಾಲ್ಕು ವರ್ಷದಿಂದ ಪಕ್ಕದಲ್ಲಿ ಜಾಗ ಹಿಡ್ಕೊಂಡು ಕಾಯ್ತಿದಾನೆ. ಗೋರಿ ಕಲ್ಲಿನ ಮೇಲೆ ಅವಳ ಹೆಸರೂ ಆಗ್ಲೇ ಕೆತ್ತಿದೆ. ಇನ್ನೇನು ಹುಡುಕೋದು?"

ಸೋಲ್ಬಿ ಇನ್ನೊಂದು ಪದ ಹೊಡೆದಳು. ಆಸ್ಪತ್ರೆಯಲ್ಲಿ, ಮಾತು ನಿಲ್ಲುವ ಹಿಂದಿನ ದಿನ, ಅಮ್ಮ ಹೇಳಿದ್ದಳು: "ನನ್ನ ಎಲ್ಲಿಡಬೇಕು ಅಂತ ಬರೆದು ನಿಂಗೆ ಕಳ್ಸಿದೀನಿ. ಹುಡುಕು, ಸಿಗತ್ತೆ." ಯಾವುದರಲ್ಲಿ, ಯಾವ ಹೆಸರಲ್ಲಿ ಎಂದು ಕೇಳಬೇಕಿತ್ತು. ಇವಳೋ, "ಈಗ್ಯಾಕಮ್ಮ ಆ ಮಾತು, ಸುಮ್ನಿರು" ಎಂದು ಗದರಿದ್ದಳು. ಅಮ್ಮ ಸುಮ್ಮನಾಗಿಯೇ ಬಿಟ್ಟಳು.

*

ಯೊಂಗ್ರಾನ್ ಇಂಚಿಯಾನ್ ನಗರದ ಲಿಫ್ಟ್ ಬಿಡಿಭಾಗಗಳ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಆ ಕಂಪನಿ ತನ್ನ ಕಾಗದಪತ್ರಗಳನ್ನೆಲ್ಲ ಮೊದಲು ಇಂಟರ್ನೆಟ್ಟಿನ ಒಂದು ಕ್ಲೌಡ್‌ಗೆ ಏರಿಸಿತು. ಆಮೇಲೆ ಅಗ್ಗಕ್ಕೆ ಸಿಕ್ಕಿತೆಂದು ಇನ್ನೊಂದಕ್ಕೆ ಹೋಯಿತು, ಹೊಸ ಮ್ಯಾನೇಜರ್ ಬಂದ ಮೇಲೆ ಮೂರನೆಯದಕ್ಕೆ. ಹಳೆಯದನ್ನು ಹೊಸದಕ್ಕೆ ಸಾಗಿಸುವ ಪುಣ್ಯಾತ್ಮ ಯಾರೂ ಹುಟ್ಟಲಿಲ್ಲ. ಯಾವುದು ಎಲ್ಲಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಮನೆಯ ಕಾಗದಗಳನ್ನೂ ಅಲ್ಲೇ ಇಟ್ಟು ಮಗಳ ಫೋನಿಗೆ ಹಂಚಿದ್ದಳು. ಬಡ್ತಿ ಸಿಕ್ಕಿದ್ದು ಒಂದೇ ಸಲ, ಆದರೆ ದಿನಕ್ಕೆ ನಲವತ್ತು ಸಲ ಅವಳ ಹೆಸರು ಕೂಗುತ್ತಿದ್ದರು.

ಹೊಸದಾಗಿ ಸೇರಿದ್ದ ತೆಸಿಕ್ ಒಮ್ಮೆ ಪರದೆ ನೋಡಿ ನಕ್ಕುಬಿಟ್ಟಿದ್ದ. "ಮೇಡಂ, 'ಮ್ಯಾನೇಜರ್ ಕಿರುಚಾಡಿದ ನಕ್ಷೆ'! ಇದೂ ಒಂದು ಫೈಲಿನ ಹೆಸರಾ?"

"ಮತ್ತೇನಿಡ್ಲಪ್ಪ? ಅದರ ನಂಬರು ನೆನಪಿದ್ದಿದ್ರೆ ಅವರು ನನ್ನ ಹತ್ರ ಯಾಕೆ ಬರ್ತಿದ್ರು? ಒಳಗೇನಿದೆ ಅನ್ನೋದು ಬೇಡ. ಹುಡುಕೋರ ಬಾಯಲ್ಲಿ ಏನು ಬರತ್ತೋ ಅದನ್ನೇ ಇಡು."

ಅವನಿಗೆ ಕೆಲಸವನ್ನೆಲ್ಲ ಕಲಿಸಿದ್ದು ಅವಳೇ. ಊಟದ ಹೊತ್ತಿನಲ್ಲಿ ಫೋನ್ ಎತ್ತಬಾರದು. ಕಂಪನಿ ಬಿಟ್ಟು ಹೋದವರ ಖಾತೆಯನ್ನು ಅದೇ ದಿನ ಅಳಿಸಬೇಕು, ನಾಳೆ ಎಂದರೆ ಮರೆತ ಹಾಗೆಯೇ.

*

ತೆಸಿಕ್ ಈಗ ಸೋಲ್ಬಿಯ ಪಕ್ಕದಲ್ಲೇ ಕೂತಿದ್ದ. ಬೆಳಿಗ್ಗೆ ಶವಪೆಟ್ಟಿಗೆಗೆ ಹೆಗಲು ಕೊಟ್ಟಾಗ ತೊಟ್ಟ ಬಿಳಿ ಕೈಗವಸುಗಳನ್ನು ಇನ್ನೂ ತೆಗೆದಿರಲಿಲ್ಲ.

"ಹಾಗೆ ಹುಡುಕಿದ್ರೆ ಸಿಗಲ್ಲ ಸೋಲ್ಬಿ," ಎಂದ. "ಮೇಡಂ ವಿಷಯದ ಹೆಸರೇ ಇಡ್ತಿರಲಿಲ್ಲ. ಏನಾದ್ರೂ ಬೇಕಾದಾಗ ನೀವು ಅವರನ್ನ ಹೇಗೆ ಕೇಳ್ತಿದ್ರಿ?"

ಹೇಗೆ ಕೇಳುತ್ತಿದ್ದಳು! ಮೂವತ್ತೊಂದು ವರ್ಷ ಕೇಳಿದ್ದು ಒಂದೇ ಥರ. 'ಅಮ್ಮಾ' ಎಂದು ಹೊಡೆದು, ಮುಂದೆ 'ಎಲ್ಲಿ' ಎಂದು ಸೇರಿಸಿದಳು. ಮೊದಲ ಕ್ಲೌಡಿನಲ್ಲಿ ಹತ್ತೊಂಬತ್ತು ಸಿಕ್ಕವು. 'ಅಮ್ಮಾ ನನ್ನ ಲಸಿಕೆ ಚೀಟಿ ಎಲ್ಲಿ'. 'ಅಮ್ಮಾ ಬಾಡಿಗೆ ಕರಾರು ಎಲ್ಲಿ'. 'ಅಮ್ಮಾ ನಾನು ಹಲ್ಲಿಲ್ಲದೆ ನಗ್ತಿರೋ ಫೋಟೋ ಎಲ್ಲಿ'. ಎರಡನೆಯದರಲ್ಲಿ ಇನ್ನಷ್ಟು. ಮೂರನೆಯದರಲ್ಲಿ ಒಂದೇ ಒಂದು ಇತ್ತು.

'ಅಮ್ಮಾ ನಿನ್ನ ಎಲ್ಲಿಡ್ಲಿ'.

ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮೊದಲ ಸಾಲುಗಳು ಕಾಣುತ್ತಿದ್ದವು: 'ಸೋಲ್ಬಿ, ನಿಮ್ಮಪ್ಪನ ಪಕ್ಕದ ಜಾಗದ ವಿಷಯ. ಇಷ್ಟು ವರ್ಷ ಯಾರ ಹತ್ರಾನೂ ಹೇಳಿಲ್ಲ. ನಿಜ ಹೇಳ್ಬೇಕಂದ್ರೆ ನಂಗೆ...' ಒತ್ತಿದಳು. 'ಈ ಕಡತ ಈಗ ಲಭ್ಯವಿಲ್ಲ' ಎಂದಿತು. ಮತ್ತೆ ಒತ್ತಿದಳು, ಅದೇ.

ತೆಸಿಕ್ ಬಗ್ಗಿ ನೋಡಿದ.

"ಇದು ಆಫೀಸಿನ ಖಾತೆಯಿಂದ ಕಳ್ಸಿದ್ದು," ಎಂದ. "ಮೊನ್ನೆ ಸುದ್ದಿ ಬಂದ ತಕ್ಷಣ... ಖಾತೆ ಅಳಿಸಿದ್ದು ನಾನೇ. ಅವರೇ ಹೇಳ್ಕೊಟ್ಟಿದ್ರು, ಅದೇ ದಿನ ಮಾಡ್ಬೇಕು ಅಂತ."

ಫೋನ್ ಹಿಡಿದು ಹೊರಗೆ ಓಡಿದ. ಗಾಜಿನಾಚೆ ಅವನು ಯಾರನ್ನೋ ಬಗ್ಗಿ ಬಗ್ಗಿ ಬೇಡಿಕೊಳ್ಳುವುದು ಕಾಣುತ್ತಿತ್ತು. ವಾಪಸು ಬಂದವನು ಕುರ್ಚಿಯಲ್ಲಿ ಕುಸಿದ. "ಹೋದದ್ದು ಹೋಯ್ತಂತೆ. ಹೆಸರೊಂದು ಕಾಣ್ತಿರತ್ತಂತೆ ಸ್ವಲ್ಪ ದಿನ. ಒಳಗೇನೂ ಇಲ್ಲ. ಬೈದುಬಿಡಿ ನಂಗೆ, ಕಪಾಳಕ್ಕೆ ಹೊಡೀರಿ."

ಸೋಲ್ಬಿ ಮತ್ತೊಮ್ಮೆ ಆ ಹೆಸರನ್ನು ಒತ್ತಿದಳು.

*

ಹೋದ ವರ್ಷ ಹಬ್ಬಕ್ಕೆ ಮುಂಚೆ ಅಪ್ಪನ ಗೋರಿಯ ಹುಲ್ಲು ಕೀಳಲು ತಾಯಿ ಮಗಳು ಜಾಂಗ್‌ಹುಂಗ್‌ನ ಗುಡ್ಡ ಹತ್ತಿದ್ದರು. ಅಪ್ಪನದನ್ನು ಮುಗಿಸಿ ಅಮ್ಮ ಪಕ್ಕದ ಖಾಲಿ ಜಾಗಕ್ಕೆ ಕುಕ್ಕರುಗಾಲಲ್ಲಿ ಸರಿದಳು.

"ನೋಡೇ ನನ್ನ ಭಾಗ್ಯ! ನನ್ನ ಗೋರಿ ಹುಲ್ಲು ನಾನೇ ಕೀಳ್ತಿದೀನಿ," ಎಂದು ನಕ್ಕಳು. ಬೆವರು ಒರೆಸಿಕೊಂಡು ಕಲ್ಲಿನ ಮೇಲಿನ ತನ್ನ ಹೆಸರನ್ನು ಬಹಳ ಹೊತ್ತು ನೋಡಿದಳು. "ಇಲ್ಲಿ ಗಾಳಿ ಚೆನ್ನಾಗಿದೆ. ಆದ್ರೆ ದೂರ ಆಯ್ತು."

ಅದು ಇಷ್ಟವೋ ಕಷ್ಟವೋ ಸೋಲ್ಬಿ ಕೇಳಿರಲಿಲ್ಲ. ಬಸ್ಸಿನ ಹೊತ್ತಾಗಿತ್ತು.

*

"ಸಿಕ್ತಾ?" ದೊಡ್ಡಪ್ಪ ಎದುರಿಗೆ ಬಂದು ಕೂತರು. ಬೋರ್ಡಿನಲ್ಲಿ ಹದಿಮೂರು ನಿಮಿಷ ಉಳಿದಿತ್ತು.

"ಸಿಕ್ತು."

ತೆಸಿಕ್ ತಟ್ಟನೆ ಅವಳ ಕಡೆ ತಿರುಗಿದ.

"ಕನ್ನಡಕ ವ್ಯಾನಲ್ಲೇ ಉಳೀತು. ನೀನೇ ಓದು," ಎಂದರು ದೊಡ್ಡಪ್ಪ. "ಅಲ್ಲಿ ಬೇಡ ಅಂತ ಬರ್ದಿದ್ರೆ ಬೇಡ. ನಾನೇ ನಿಂತು ಕಲ್ಲಿಂದ ಹೆಸರು ಒರೆಸ್ತೀನಿ. ತಮ್ಮನಿಗೆ ಏನೋ ಒಂದು ಹೇಳ್ಕೋತೀನಿ. ಆದ್ರೆ ಅದು ಅವಳ ಮಾತಾಗಿರ್ಬೇಕು, ನಿನ್ನದಲ್ಲ."

ಜಾಂಗ್‌ಹುಂಗ್‌ಗೆ ಐದು ಗಂಟೆಯ ದಾರಿ, ಆಮೇಲೆ ಗುಡ್ಡ. ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಅಮ್ಮನಿಗೆ ಏನು ಬೇಕಿತ್ತೋ ಇನ್ನು ಯಾರಿಗೂ ತಿಳಿಯುವುದಿಲ್ಲ. ಸೋಲ್ಬಿಗೆ ಮಾತ್ರ ಅಮ್ಮ ಬೇಕಾಗಿತ್ತು, ಇಲ್ಲೇ, ಹತ್ತಿರದಲ್ಲೇ.

"'ಸೋಲ್ಬಿ, ನಿಮ್ಮಪ್ಪನ ಪಕ್ಕದ ಜಾಗದ ವಿಷಯ,'" ಎಂದು ಶುರು ಮಾಡಿದಳು. "'ಇಷ್ಟು ವರ್ಷ ಯಾರ ಹತ್ರಾನೂ ಹೇಳಿಲ್ಲ. ನಿಜ ಹೇಳ್ಬೇಕಂದ್ರೆ ನಂಗೆ...'" ಪರದೆಯ ಮೇಲಿನ ಸಾಲು ಅಲ್ಲಿಗೇ ನಿಂತಿತ್ತು. "'ನಂಗೆ ಇಂಚಿಯಾನ್ ಸಾಕು. ನೀನು ಸಿಟಿ ಬಸ್ಸಲ್ಲಿ ಬಂದು ಹೋಗೋಷ್ಟು ದೂರ. ದೊಡ್ಡಪ್ಪಂಗೆ ಬೇಜಾರಾಗತ್ತೆ, ನೀನೇ ಸಮಾಧಾನ ಹೇಳು.'"

ತೆಸಿಕ್ ತಲೆ ತಗ್ಗಿಸಿ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.

"ನಂಗೆ ಬೇಜಾರಾಗತ್ತೆ ಅಂತಾನೂ ಬರ್ದಿದಾಳಾ?" ದೊಡ್ಡಪ್ಪನ ಕಣ್ಣು ತುಂಬಿ ಬಂತು. "ಅಂಥಾ ಹೆಂಗಸು ಕಣಮ್ಮ ಅವಳು. ಓದು, ಇನ್ನೊಂದ್ಸಲ ಓದು. ಮೆಲ್ಲಗೆ."

ಫೋನಿನ ಬೆಳಕು ಯಾವಾಗಲೋ ಆರಿಹೋಗಿತ್ತು. ಸೋಲ್ಬಿ ಅದನ್ನು ಮುಖದ ಹತ್ತಿರ ಹಿಡಿದು ಮೊದಲಿಂದ ಓದತೊಡಗಿದಳು. ಅವಳ ತೋರುಬೆರಳು ಕಪ್ಪು ಗಾಜಿನ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು.