ಹಿಂದುಮುಂದಾದ ನಕ್ಷೆ

ಅಪ್ಪ ಕಾಗದದ ಕಟ್ಟನ್ನು ಒಲೆಯ ಬಾಯಿಗೆ ತುರುಕುವಷ್ಟರಲ್ಲಿ ಮಗಳು ಅವನ ಮುಂಗೈಗೆ ಹಲ್ಲು ಹಾಕಿದಳು. ಅವನು ಕೈ ಕೊಡವಿದ ರಭಸಕ್ಕೆ ಅವಳ ತಲೆ ಗೋಡೆಗೆ ಬಡಿಯಿತು. ಕಟ್ಟನ್ನು ಮಾತ್ರ ಅವಳು ಬಿಡಲಿಲ್ಲ.

"ಹೆಣ ತೊಳೆಯೋಕೆ ನೀರು ಕಾಯಿಸ್ಬೇಕು. ಇವಳಿಗೆ ರದ್ದಿ ಮೇಲೆ ಪ್ರೀತಿ ಉಕ್ಕಿ ಬಂದಿದೆ!"

"ರದ್ದಿ ಅಲ್ಲ. ಅಮ್ಮನ ಅಳತೆ ಕಾಗದ."

"ಸತ್ತೋಳು ಇನ್ಯಾರಿಗೆ ಅಂಗಿ ಹೊಲೀತಾಳೆ?"

ಮೂರು ದಿನದ ಜ್ವರಕ್ಕೆ ಸತ್ತ ತಂಗಿಯ ಪಕ್ಕ ಕೂತಿದ್ದ ದೊಡ್ಡಮ್ಮ ಎದ್ದು ಬಾಗಿಲಿಗೆ ಬಂದಳು. "ತಣ್ಣೀರೇ ಸಾಕು. ಅವಳಿಗೇನು ಇನ್ನು ಚಳಿ ಆಗಲ್ಲ. ಬೆನ್ನು ನೋಡ್ದೆ ಕಣಯ್ಯಾ. ಅವಳದೇ ಅಳತೆಕೋಲಲ್ಲಿ ನೀನು ಹಾಕಿದ ಬರೆ ಎಣಿಸ್ತಾ ಕೂತ್ರೆ ಸಂಜೆಯಾಗುತ್ತೆ."

ಹೊರಗೆ ಕೂತಿದ್ದವರಲ್ಲಿ ಯಾರೋ ಕೆಮ್ಮಿದರು. ಅಮ್ಮನಿಗೆ ಗುಂಡಿ, ದಾರ ಮಾರುತ್ತಿದ್ದ ಅಂಗಡಿಯವನು ಮಾತು ಮರೆಸಲು, "ಬಾಯಿ ಇಲ್ಲದ ಹೆಂಗಸು, ಪಾಪ," ಎಂದ.

*

ಬಾಯಿ ಇತ್ತು. ಹೊಲಿಗೆ ಯಂತ್ರ ಗಡಗಡ ಓಡುವಾಗ ಆ ಸದ್ದಿನಡಿಯಲ್ಲಿ ಅಮ್ಮ ಪಾಠ ಒಪ್ಪಿಸುತ್ತಿದ್ದಳು. ಹತ್ತನೆಯ ತರಗತಿಯ ಪರೀಕ್ಷೆಗೆ ತಾನೇ ಕಟ್ಟಿದ್ದಳು, ಹೇಳಿಕೊಡುವವರಿಲ್ಲ. ಕೊಂಡ ಪುಸ್ತಕಗಳನ್ನು ಅಪ್ಪ ಸುಟ್ಟ ಮೇಲೆ, ಎದುರುಮನೆ ಹುಡುಗಿಯ ಪುಸ್ತಕವನ್ನು ಮಧ್ಯಾಹ್ನದ ಮಟ್ಟಿಗೆ ತಂದು, ಅಂಗಿಯ ತೋಳು, ಬೆನ್ನಿನ ಆಕಾರಕ್ಕೆ ಕತ್ತರಿಸಿದ ಅಳತೆ ಕಾಗದಗಳ ಮೇಲೆ ಇಳಿಸಿಕೊಂಡಳು. ಅವನ್ನು ಯಾವ ಗಂಡಸು ಬಿಡಿಸಿ ನೋಡುತ್ತಾನೆ? ತೋಳಿನಲ್ಲಿ ತ್ರಿಕೋನಗಳು, ಬೆನ್ನಿನಲ್ಲಿ ಯುದ್ಧಗಳು.

ದೇಶದ ನಕ್ಷೆಯ ಮೇಲೆ ಮಾತ್ರ, ಗೆರೆಯನ್ನು ತೂತುತೂತಾಗಿ ಅಡಿಯ ಕಾಗದಕ್ಕೆ ಇಳಿಸುವ ಹಲ್ಲುಚಕ್ರ ಉರುಳಿಸಿದಳು. ಅಡಿಯಲ್ಲಿದ್ದ ಕಾಗದದ ಹಿಂಬದಿಯಲ್ಲಿ ಚುಕ್ಕೆಗಳು ಉಬ್ಬಿ ಚೆನ್ನಾಗಿ ಕಂಡವು. ಅಲ್ಲೇ ಪೆನ್ಸಿಲ್ ಎಳೆದಳು. ಪಶ್ಚಿಮದ ಕಡಲು ಪೂರ್ವಕ್ಕೆ ಬಂತು. ತಿದ್ದಲು ಯಾರಿದ್ದರು? ಅದನ್ನೇ ವರ್ಷವಿಡೀ ಉರು ಹೊಡೆದು, ಪರೀಕ್ಷೆಯಲ್ಲಿ ಹಾಗೇ ಬಿಡಿಸಿ ಬಂದಳು. ನಾಲ್ಕು ಅಂಕ ಕಡಿಮೆ ಬಿದ್ದು ಪರೀಕ್ಷೆ ಹೋಯಿತು.

ಆಮೇಲೆ ಪುಸ್ತಕ ತೆರೆದು ನೋಡಿ, "ಎಡಗಡೆ ತೋಳನ್ನ ಬಲಗಡೆಗೆ ಹೊಲಿದ್ಬಿಟ್ಟೆ ಕಣೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ನಗು ಕೇಳಿಯೇ ಅಪ್ಪ ಒಳಬಂದ. ಅಂಕಪಟ್ಟಿ ನೋಡಿದ. ಅವಳ ಬಲಗೈಯನ್ನು ಸೂಜಿಯ ಕೆಳಗೆ ಒತ್ತಿ ಹಿಡಿದು ಚಕ್ರ ತಿರುಗಿಸಿದ. ಒಂದು ಸಲ. ಎರಡು ಸಲ. ಮೂರನೆಯದಕ್ಕೆ ಸೂಜಿ ಉಗುರಿನೊಳಗೇ ಮುರಿಯಿತು.

ಮರುವಾರ ಅಮ್ಮ ಎಡಗೈಯಲ್ಲಿ ಬರೆಯಲು ಕಲಿಯತೊಡಗಿದಳು. ಅಪ್ಪ ಶಾಲೆ ಬಿಡಿಸಿದ್ದ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಈ ಸಲ ಇಬ್ರೂ ಕಟ್ಟೋಣ. ನನಗೆ ಬರದಿದ್ರೆ ನಿನ್ನದು ನೋಡಿ ಬರೀತೀನಿ. ನಕ್ಷೆನ ಮಾತ್ರ ತಿರುವಿ ಬೆಳಕಿಗೆ ಹಿಡಿದು ಓದು, ತಿಳೀತಾ?"

*

ಮಗಳ ಕೈಯಲ್ಲಿದ್ದ ಕಟ್ಟಿನಿಂದ ಜಾರಿದ ಒಂದು ತೋಳಿನ ಕಾಗದವನ್ನು ಅಪ್ಪ ನೆಲದಿಂದ ಎತ್ತಿಕೊಂಡ. ಬಿಡಿಸಿದ. ಓದಿದ. ಮಗಳ ಅಕ್ಷರ ಗುರುತು ಸಿಕ್ಕಿತು.

"ನಿನಗೂ ಅದೇ ಹುಚ್ಚಾ?"

ಜಡೆ ಹಿಡಿದು ಹೊಲಿಗೆ ಕೋಣೆಗೆ ಎಳೆದುಕೊಂಡು ಹೋದ. ಯಂತ್ರದ ಮೇಲಿದ್ದ ದೊಡ್ಡ ಕತ್ತರಿ ಅವಳ ಕೈಗೆ ಸಿಕ್ಕಿತು.

"ಮುಟ್ಟಿ ನೋಡು," ಎಂದಳು. ಕತ್ತರಿಯ ತುದಿ ಅವನ ಹೊಟ್ಟೆಗೆ ತಾಗಿ ಅಂಗಿಯ ಮೇಲೆ ಕೆಂಪು ಹನಿ ಮೂಡಿತು.

ಅವನು ಹಿಂದೆ ಸರಿದ. ಬಾಗಿಲೆಳೆದು ಬೀಗ ಜಡಿದ. "ತಾಯಿ ಮುಖನೂ ನೋಡ್ಬೇಡ, ಬಿದ್ದಿರು. ಮಣ್ಣು ಮಾಡಿ ಬಂದು ಕಾಗದಾನೂ ಸುಡ್ತೀನಿ, ನಿನ್ನೂ ಸುಡ್ತೀನಿ."

ಸ್ವಲ್ಪ ಹೊತ್ತಿಗೆ ಕಿಟಕಿಯ ಸರಳಿನಾಚೆ ದೊಡ್ಡಮ್ಮನ ಒದ್ದೆ ಕೈ ಕಂಡಿತು.

"ಪರೀಕ್ಷೆ ಯಾವತ್ತೇ?"

"ಸೋಮವಾರ, ದೊಡ್ಡಮ್ಮ."

"ಕಟ್ಟು ಕೊಡು. ಗಂಡಸರೆಲ್ಲ ಹೆಣದ ಹಿಂದೆ ಹೋಗ್ಲಿ, ಬೀಗ ಒಡೆದು ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಅಷ್ಟರೊಳಗೆ ಅತ್ತು ಮುಗಿಸು. ಆಮೇಲೆ ಓದೋದಿದೆ."

ಸರಳುಗಳ ನಡುವಿನಿಂದ ತೋಳು, ಕಾಲರು, ಬೆನ್ನು ಒಂದೊಂದಾಗಿ ಹೊರಗೆ ಹೋದವು. ನಕ್ಷೆಯೊಂದನ್ನು ಅವಳು ಕೊಡಲಿಲ್ಲ. ತಿರುವಿ ಕಿಟಕಿಗೆ ಒತ್ತಿ ಹಿಡಿದಳು. ಹಲ್ಲುಚಕ್ರದ ತೂತುಗಳಲ್ಲಿ ಬಿಸಿಲು ಚುಕ್ಕೆಚುಕ್ಕೆಯಾಗಿ ಹತ್ತಿಕೊಂಡಿತು. ಕಡಲು ತನ್ನ ಜಾಗಕ್ಕೆ ಮರಳಿತು.

ಹೊರಗೆ ಯಾರೋ "ಎತ್ತಿ" ಎಂದರು. ಕಾಗದದ ಮೇಲೆ ನಾಲ್ಕು ಜನರ ನೆರಳು ಬಿತ್ತು. ಅವರ ಹೆಗಲ ಮೇಲಿನ ಉದ್ದನೆಯ ನೆರಳು ಒಂದು ದಡದಿಂದ ಇನ್ನೊಂದು ದಡಕ್ಕೆ ನಿಧಾನವಾಗಿ ದಾಟಿ ಹೋಯಿತು.